ಎದುರಿಗೆ ಬರುವ ಅತ್ತೆ

ನಮ್ಮ ಸೋದರತ್ತೆಯಷ್ಟು ಹೆಮ್ಮೆಯಿಂದ ಅಪಶಕುನವಾದ ಹೆಂಗಸು ಆಳಂದದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ! ನಿಜಾಮರ ಕಾಲದ ಮಾತು. ಯಾರಾದರೂ ಊರಿಗೆ ಹೊರಟರೆ ಬೇರೆ ವಿಧವೆಯರು ಬಾಗಿಲ ಹಿಂದೆ ಸರಿಯುತ್ತಿದ್ದರು. ಈಕೆ ಮಾತ್ರ ಖಾಲಿ ಕೊಡ ಹಿಡಿದು, ಹುಡುಕಿಕೊಂಡು ಹೋಗಿ ಎದುರಾಗುವಳು. ಸಾಲದ್ದಕ್ಕೆ "ಎಲ್ಲಿಗಿ ಹೊಂಟೀಯೋ?" ಎಂದು ಬೇರೆ ಕೇಳುವಳು. ಹೊರಟವನು ಗತಿಯಿಲ್ಲದೆ ಮನೆಗೆ ತಿರುಗಿ, ಕುಳಿತು ನೀರು ಕುಡಿಯಬೇಕು. ಅಷ್ಟರಲ್ಲಿ ದುಧನಿ ಸ್ಟೇಷನ್ನಿಗೆ ಹೋಗುವ ಬಂಡಿ ಊರು ದಾಟಿರುತ್ತಿತ್ತು.

ಎಲ್ಲರಿಗೂ ಹೀಗೆ ಅಡ್ಡ ಬರುತ್ತಿದ್ದಳೆಂದುಕೊಳ್ಳಬೇಡಿ. ಸೊಲ್ಲಾಪುರದ ಗಿರಣಿಗೆ ಹೊರಟ ನಮ್ಮ ಗಲ್ಲಿಯ ಹುಡುಗರಿಗೆ ಮಾತ್ರ. ಆಕೆಯ ಒಬ್ಬನೇ ಮಗ ಗಿರಣಿಯ ಹತ್ತಿಯ ಧೂಳು ಕುಡಿದು, ಕೆಮ್ಮುತ್ತ ಬಂದು ಅಂಗಳದಲ್ಲೇ ಸತ್ತಿದ್ದ. ಈ ಗಲ್ಲಿಯ ಇನ್ನೊಂದು ಮಗುವನ್ನು ಅಲ್ಲಿಗೆ ಬಿಡುವುದಿಲ್ಲವೆಂದು ಆಮೇಲೆ ಹಟ ಹಿಡಿದಳು. ಅವ್ವ ಅಪ್ಪ ಇಲ್ಲದ ನನ್ನನ್ನು ಸಾಕುತ್ತಿದ್ದವಳೂ ಆಕೆಯೇ.

ಮೊದಲು ಸಿಕ್ಕಿಬಿದ್ದವನು ಪಕ್ಕದ ಮನೆಯ ಮೌಲಾಲಿ. ಶಕುನಕ್ಕೆ ಹಿಂದೂ ಮುಸಲ್ಮಾನ ಎಂಬ ಭೇದ ಎಲ್ಲಿದೆ? ಗಂಟು ಹೊತ್ತವನು ಹಾಗೇ ತಿರುಗಿದ. ಅವನ ತಾಯಿ ಬೀದಿಗಿಳಿದಳು.

"ನನ್ನ ಮಗನ ನಸೀಬಕ್ಕ ಅಡ್ಡ ಬಂದೆಲ್ಲ, ಇನ್ನ ಅವನಿಗಿ ಕೆಲಸ ನೀ ಕೊಡ್ತೀಯೇನ್ ಬೇ?"

"ಕೊಡ್ತೇನಿ," ಎಂದಳು ಅತ್ತೆ.

ಕೊಡಲು ಮನೆಯಲ್ಲಿದ್ದದ್ದು ಒಂದು ಗಡಿಗೆ ಸುಣ್ಣ, ಒಂದು ಬುಟ್ಟಿ ಕೆಮ್ಮಣ್ಣು!

ಮದುವೆ ಮನೆಯ ಗೋಡೆಯ ಮೇಲೆ ಆನೆ, ಕುದುರೆ, ಗಿಳಿ ಬರೆಯುವುದರಲ್ಲಿ ಆಕೆ ಒಂದು ಕಾಲಕ್ಕೆ ಹೆಸರಾದವಳು. ಗಂಡ ಸತ್ತ ಮೇಲೆ ಆ ಗೋಡೆಗಳಿಗೆ ಆಕೆಯ ಕೈ ಸೋಕುವಂತಿರಲಿಲ್ಲ. ಬಾಯಿ ಸೋಕಬಾರದೆಂದು ಯಾರೂ ಹೇಳಿರಲಿಲ್ಲವಲ್ಲ! ಬೀದಿಯ ಆಚೆ ಬೇವಿನ ಮರದಡಿ ನಿಂತು, ಎಲ್ಲಿ ಏನು ಬರೆಯಬೇಕೆಂದು ಕಿರುಚಿ ಹೇಳುವಳು. ನಾನು, ಮೌಲಾಲಿ, ಗಲ್ಲಿಯ ಇನ್ನೂ ಐದಾರು ಹುಡುಗ ಹುಡುಗಿಯರು ಈಚಲ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು ಬರೆಯುವೆವು. ಮದುವೆಯವರು ಕೊಡುವ ಜೋಳ ನಮ್ಮ ಕೂಲಿ.

"ಅತ್ತಿ, ನಾ ಆನಿ ನೋಡೇ ಇಲ್ರಿ!" ಎಂದ ಮೌಲಾಲಿ ಮೊದಲ ದಿನ.

"ನಾನರ ಎಲ್ಲಿ ನೋಡೇನಲೇ? ಎಮ್ಮಿ ಬರಿ, ಮೂಗಿಗಿ ಒಂದು ಬಾಲ ಹಚ್ಚು!"

ಹೆಣ್ಣಿನ ತಂದೆ ಬಂದು ನೋಡಿ ಮುಖ ಸಿಂಡರಿಸಿದ. "ಏನವ್ವಾ, ಇದು ಎಮ್ಮಿ ಕಂಡಂಗ ಕಾಣ್ತದಲ್ಲ?"

"ಚಲೋನೇ ಆತಲ್ರಿ! ಬೀಗರು ಆನಿ ಕೇಳಿದ್ರೂ ಇದನ್ನ ತೋರಸ್ರಿ, ಎಮ್ಮಿ ಕೇಳಿದ್ರೂ ಇದನ್ನ ತೋರಸ್ರಿ."

ಹೀಗೆ ಮೂರು ವರ್ಷ ನಮ್ಮ ಗಲ್ಲಿಯಿಂದ ಯಾರೂ ಗಿರಣಿಗೆ ಹೋಗಲಿಲ್ಲ. ನಮ್ಮ ಹೊಟ್ಟೆ ಅರ್ಧ ತುಂಬುತ್ತಿತ್ತು, ಊರ ಗೋಡೆಗಳು ಮಾತ್ರ ಪೂರ್ತಿ ತುಂಬಿದವು.

ಆಮೇಲೆ ಯುದ್ಧ ಬಂತು. ಜರ್ಮನಿಯವನ ಜಗಳಕ್ಕೂ ನಮ್ಮ ಗಲ್ಲಿಯ ಮದುವೆಗೂ ಏನು ಸಂಬಂಧ ಹೇಳಿ? ಆದರೂ ಜೋಳ ಸರ್ಕಾರದ ಲೆವಿಗೆ ಹೋಯಿತು, ಮದುವೆಗಳು ನಾಲ್ಕು ಜನರಲ್ಲಿ ಮುಗಿದವು. ಉಣ್ಣಲು ಇಲ್ಲದವರು ಆನೆ ಬರೆಸಿಯಾರೆ? ಒಂದು ಸಂಜೆ ಮೌಲಾಲಿಯ ತಾಯಿ ನಮ್ಮ ಹೊಸ್ತಿಲಲ್ಲಿ ಬಂದು ಕುಳಿತಳು. ಈ ಸಲ ಕೂಗಾಡಲಿಲ್ಲ.

"ಅಕ್ಕಾ, ನಾಳಿ ನನ್ನ ಮಗನಿಗಿ ಅಡ್ಡ ಬರಬ್ಯಾಡ್ರಿ. ಸಣ್ಣವು ಹಸದು ಅಳಾಕತ್ತಾವ."

ಅತ್ತೆ ಮರುದಿನ ಹೊರಗೆ ಬರಲಿಲ್ಲ. ಮೌಲಾಲಿ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೋದರು. ಆಕೆ ಮಾತು ಕಡಿಮೆ ಮಾಡಿದಳು. ಅದನ್ನು ನೋಡುವುದು ನನಗೆ ಹಸಿವಿಗಿಂತ ಕಷ್ಟವಾಯಿತು.

ಕೊನೆಗೆ ನನ್ನ ಸರದಿ. ಅಂದು ಬೆಳಿಗ್ಗೆ ರೊಟ್ಟಿ ಕಟ್ಟಿಟ್ಟು ಅತ್ತೆ ಎಲ್ಲೋ ಮಾಯವಾಗಿದ್ದಳು. ನಾನು ಗಲ್ಲಿಯ ತಿರುವಿನಲ್ಲಿ ನಿಂತು ಕಾದೆ. ಈಗ ಬರುತ್ತಾಳೆ, ಕೊಡ ಹಿಡಿದು ಬರುತ್ತಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬರಲಿ ಎಂದು ದೇವರನ್ನು ಬೇಡಿಕೊಂಡೆ. ಬರಲಿಲ್ಲ. ತಿರುಗಿ ಹೋಗಿ ಹುಡುಕಿದರೆ ಹಿತ್ತಲಲ್ಲಿ ಸೆರಗು ಹೊದ್ದು, ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಾಳೆ.

"ಹೋಗು ತಮ್ಮಾ. ನನ್ನ ಮಾರಿ ನೋಡಬ್ಯಾಡ. ನಿನಗರ ಚಲೋ ಆಗ್ಲಿ."

ಊರಿಗೆಲ್ಲ ಶಕುನದ ಆಟ ಆಡಿಸಿದವಳು ನನ್ನ ವಿಷಯದಲ್ಲಿ ಅದಕ್ಕೆ ಹೆದರಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಗೋಡೆಗೂ ಆಕೆಗೂ ನಡುವೆ ತೂರಿಕೊಂಡು ಎದುರಿಗೇ ಕುಳಿತೆ.

"ಖೋಡಿ!" ಎಂದು ಭುಜಕ್ಕೆ ಗುದ್ದಿದಳು, ಆಕೆಯ ಕಣ್ಣುಗಳೂ ತುಂಬಿದ್ದವು. "ಇನ್ನ ಒಳಗ ಬಾ. ಕುಂತು ನೀರು ಕುಡದು ಹೋಗು."

ಒಳಗೆ ಹೋದೆ. ಬಂಡಿ ಊರು ದಾಟುವವರೆಗೂ ಆ ಒಂದು ತಂಬಿಗೆ ನೀರನ್ನೇ ಕುಡಿಯುತ್ತ ಕುಳಿತೆ.