ಬಾಡಬೇಕಾದ ಹೂಗಳು

ಬಿಸಿ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿದ್ದೇ ತಪ್ಪಾಯಿತು. ಮರದ ಬಾಗಿಲಾಗಿದ್ದರೆ ಒಳಗೆ ಏನು ನಡೆಯುತ್ತಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಾಜಾದ್ದರಿಂದ, ಆ ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ಇಣುಕಿ, ಲೊಚಗುಟ್ಟಿ ಮುಂದೆ ಹೋಗುತ್ತಿದ್ದರು.

ಒಳಗೆ ಎರಡು ಸಾಲು ಪಿಟೂನಿಯಾ ಹೂವಿನ ಕುಂಡಗಳಿದ್ದವು. ಎಡಗಡೆಯವು ಜೀನ್ ತಿದ್ದಿದ ಗಿಡಗಳು, ಬಲಗಡೆಯವು ಮಾಮೂಲಿ ಗಿಡಗಳು. ಸಂಜೆ ಸಂಶೋಧನಾ ಸಂಸ್ಥೆಯ ಡೈರೆಕ್ಟರ್ ಮೇಡಂ ಬರುವಷ್ಟರಲ್ಲಿ ಎಡಗಡೆಯವು ನೆಟ್ಟಗೆ ನಿಂತಿರಬೇಕು, ಬಲಗಡೆಯವು ಸುಸ್ತಾಗಿ ಮಲಗಿರಬೇಕು. ಹಾಗಾದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಆರು ವರ್ಷದ ಶ್ರಮಕ್ಕೆ ಅಲ್ಲೇ ಬೀಗ. ಬಾಯಿಬಿಟ್ಟರೆ ಜೀನ್ ಮಾತೇ ಆಡುತ್ತಿದ್ದ ಆ ವಿಜ್ಞಾನಿಯನ್ನು ಎಲ್ಲರೂ ಜೀನಪ್ಪ ಎಂದೇ ಕರೆಯುತ್ತಿದ್ದರು. ಅಂದು ಬೆಳಿಗ್ಗೆಯಿಂದ ಜೀನಪ್ಪ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕಾವಲು ಕೂತಿದ್ದ.

ಮೊದಲು ಬಂದವಳು ಸ್ಟೋರಿನ ಅಕ್ಕ. ಕೈಯಲ್ಲಿ ನೀರಿನ ಮಗ್ಗು.

"ಏನ್ ಸರ್ ಇದು, ಬಾಯಿಲ್ಲದ ಗಿಡಗಳನ್ನ ಹೀಗೆ ಬೇಯಿಸ್ತೀರಲ್ಲ?"

"ಅಕ್ಕಾ, ಬೇಯಿಸೋದಲ್ಲ, ಪರೀಕ್ಷೆ. ಸೆಕೆ ಜಾಸ್ತಿಯಾದ್ರೆ ಗಿಡದೊಳಗಿನ ಪ್ರೋಟೀನುಗಳು ಕೆಟ್ಟು ಮುದ್ದೆಯಾಗ್ತವೆ. ಆಗ ಕೆಲವು ಜೀನುಗಳು ಎಚ್ಚರ ಆಗಿ, ಅವನ್ನ ಕಾಪಾಡೋ ಬೇರೆ ಪ್ರೋಟೀನುಗಳನ್ನ ತಯಾರಿಸ್ತವೆ. ಮಾಮೂಲಿ ಗಿಡದಲ್ಲಿ ಆ ಜೀನು ನಿಧಾನಕ್ಕೆ ಏಳುತ್ತೆ. ನಾನು ಬೇಗ ಏಳೋ ಹಾಗೆ ಮಾಡಿದೀನಿ."

"ಅದನ್ನ ನಮ್ಮ ಅಕೌಂಟೆಂಟ್ ಸರ್‌ಗೂ ಹಾಕಿಬಿಡಿ. ಹನ್ನೊಂದಾದ್ರೂ ಆಫೀಸಿಗೆ ಬಂದಿಲ್ಲ," ಎಂದು ಅಕ್ಕ ಮಗ್ಗನ್ನು ಹಿಂದಕ್ಕೆ ಒಯ್ದಳು.

ಅಕೌಂಟೆಂಟ್ ಬಂದದ್ದು ಮಧ್ಯಾಹ್ನ. ದಾರಿಯಲ್ಲಿ ಒಡೆದ ಪೈಪಿನ ನೀರಲ್ಲಿ ಕಾಲಿಟ್ಟಿದ್ದರಂತೆ. ಜೀನಪ್ಪ ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ, ಬಿಸಿ ಕೋಣೆಯ ಹೀಟರಿನ ಮೇಲೆ ಎರಡು ಸಾಕ್ಸುಗಳು ಸತ್ತ ಇಲಿಗಳ ಹಾಗೆ ಬಿದ್ದಿದ್ದವು. ಗಾಳಿಯಾಡಲೆಂದು ಬಾಗಿಲು ಬೇರೆ ತೆರೆದಿಟ್ಟಿದ್ದರು.

"ಸರ್! ಶಾಖವೆಲ್ಲ ಆಚೆ ಹೋಯ್ತಲ್ಲ!"

"ಇಷ್ಟೊಂದು ಶಾಖ ಇಟ್ಕೊಂಡು ಒಂದು ಜೊತೆ ಸಾಕ್ಸಿಗೆ ಜಿಪುಣತನ ಮಾಡ್ತೀರಲ್ಲಪ್ಪ!" ಎಂದು ಅಕೌಂಟೆಂಟ್ ಮುಖ ಊದಿಸಿಕೊಂಡು ಬರಿಗಾಲಲ್ಲೇ ನಡೆದರು.

ಜೀನಪ್ಪ ಬಾಗಿಲು ಮುಚ್ಚಿ, ಹೀಟರ್ ಏರಿಸಿ, ಮತ್ತೆ ಸ್ಟೂಲಿನ ಮೇಲೆ ಕೂತ. ಹೊತ್ತು ಇಳಿಯುತ್ತಿದ್ದಂತೆ ಬಲಗಡೆಯ ಗಿಡಗಳ ಎಲೆಗಳು ಮೆಲ್ಲಗೆ ಜೋತುಬಿದ್ದವು. ಹೂಗಳು ಒದ್ದೆ ಕಾಗದದಂತೆ ಮುದುಡಿದವು. ಎಡಗಡೆಯವು ಮಾತ್ರ ಶಾಲೆಯ ಮೊದಲ ಬೆಂಚಿನ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದವು. ಜೀನಪ್ಪನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಬಾಲ್ಕನಿ ಗಿಡಗಳೆಲ್ಲ ಬಾಡಿಹೋಗಿವೆ ಕಣ್ರೀ."

"ತುಂಬಾ ಒಳ್ಳೇದಾಯ್ತು!"

ಆ ಕಡೆಯಿಂದ ಫೋನು ಪಟ್ಟನೆ ಕಟ್ಟಾಯಿತು. ರಾತ್ರಿ ವಿವರಿಸಿದರಾಯಿತು ಎಂದುಕೊಂಡು ಜೀನಪ್ಪ ಮೇಡಂ ಅವರನ್ನು ಎದುರುಗೊಳ್ಳಲು ಗೇಟಿಗೆ ಓಡಿದ. ಅವರ ಕಾರು ತಡವಾಯಿತು. ಅಲ್ಲೇ ನಿಂತು ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಒಪ್ಪಿಸಿಕೊಂಡ. ಕೊನೆಗೂ ಕಾರು ಬಂದಾಗ ಮೇಡಂ ಅವರನ್ನು ನೇರ ಬಿಸಿ ಕೋಣೆಯ ಮುಂದಕ್ಕೆ ಕರೆತಂದ.

"ಬಲಗಡೆ ನೋಡಿ ಮೇಡಂ, ಜೀನ್ ಇಲ್ಲದ ಗಿಡಗಳ ಪಾಡು!" ಎನ್ನುತ್ತ ಗಾಜಿನತ್ತ ಕೈ ತೋರಿಸಿದ.

ಬಲಗಡೆಯ ಗಿಡಗಳು ಎಡಗಡೆಯವಕ್ಕಿಂತ ಒಂದು ಕೈ ಮೇಲಾಗಿ ನಳನಳಿಸುತ್ತಿದ್ದವು.

ಜೀನಪ್ಪ ಗಾಜಿಗೆ ಮೂಗು ಒತ್ತಿ ನೋಡಿದ. "ಶಾಖ ಕಡಿಮೆಯಾಗಿರಬೇಕು ಮೇಡಂ. ದಯವಿಟ್ಟು ಸ್ವಲ್ಪ ಹೊತ್ತು ಕೂತಿರಿ, ನಿಮ್ಮ ಕಣ್ಣೆದುರೇ ಬಾಡ್ತವೆ."

ಮೇಡಂ ತಾಳ್ಮೆಯವರು. ಕುರ್ಚಿ ತರಿಸಿಕೊಂಡು ಕೂತರು. ಜೀನಪ್ಪ ಶಾಖ ಏರಿಸಿದ. ಮತ್ತಷ್ಟು ಏರಿಸಿದ. ಒಂದು ಗಂಟೆ ಕಳೆಯಿತು. ಗಾಜಿನಾಚೆ ಕೂತಿದ್ದ ಮೇಡಂ ಬೆವರಿದರು, ಜೀನಪ್ಪ ಬಾಡಿದ, ಒಂದು ಹೂವಾದರೂ ತಲೆ ಬಾಗಿಸಲಿಲ್ಲ.

"ಮಾಮೂಲಿ ಗಿಡಾನೇ ಇಷ್ಟು ಸೆಕೆ ತಡೆಯುತ್ತಲ್ರೀ," ಎಂದು ಮೇಡಂ ಮೆಲ್ಲಗೆ ಎದ್ದರು. "ಮತ್ತೆ ಈ ಜೀನ್ ಯಾರಿಗೆ ಬೇಕು? ನಾಳೆಯಿಂದ ಬೇರೆ ಕೆಲಸ ನೋಡೋಣ, ಬಿಡಿ."

ಕಾರು ಗೇಟು ದಾಟಿದ ಮೇಲೆ ಸ್ಟೋರಿನ ಅಕ್ಕ ನಗುನಗುತ್ತ ಬಂದಳು. "ಮೇಡಂ ಏನಂದ್ರು ಸರ್? ನೀವು ಗೇಟಿಗೆ ಹೋದಾಗ ನೋಡ್ತೀನಿ, ಅರ್ಧ ಗಿಡ ಮಲಗಿಬಿಟ್ಟಿವೆ. ನಿಮ್ಮ ಮಾನದ ಪ್ರಶ್ನೆ ಅಂತ ಅವನ್ನ ಸ್ಟೋರಲ್ಲಿ ಎತ್ತಿಟ್ಟು, ಹಿತ್ತಲ ಗಾಜಿನ ಮನೆಯಿಂದ ಚೆನ್ನಾಗಿರೋದನ್ನೇ ಆರಿಸಿ ತಂದಿಟ್ಟೆ. ಹಳೇ ಕುಂಡಗಳ ಮೇಲಿನ ಚೀಟಿಗಳನ್ನೂ ಸರಿಯಾಗಿ ಇವಕ್ಕೆ ಅಂಟಿಸಿದೀನಿ."

ಜೀನಪ್ಪ ಸ್ಟೂಲಿನ ಮೇಲೆ ಕುಸಿದ. ಗಾಜಿನ ಮನೆಯಲ್ಲಿದ್ದವೆಲ್ಲ ಜೀನ್ ತಿದ್ದಿದ ಗಿಡಗಳೇ. ಅಂದರೆ ಅವನ ಜೀನು ಗೆದ್ದಿತ್ತು. ಎರಡೂ ಸಾಲಿನಲ್ಲಿ ಗೆದ್ದಿತ್ತು. ಗೆದ್ದೇ ಅವನನ್ನು ಮುಳುಗಿಸಿತ್ತು.

ಕೂಡಲೇ ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಹಾಗೋ?" ಎಂದರು ಮೇಡಂ. "ಸರಿ, ಆ ಬಾಡಿದ ಗಿಡಗಳ ಫೋಟೋ ಈಗಲೇ ಕಳಿಸಿ. ನೋಡಿ ನಂಬ್ತೀನಿ."

ಜೀನಪ್ಪ ಸ್ಟೋರಿಗೆ ಹಾರಿದ. ಕಿಟಕಿಯ ತಂಪು ಗಾಳಿಯಲ್ಲಿ, ಬುಡದ ತುಂಬ ನೀರು ಕುಡಿದು, ಮಾಮೂಲಿ ಗಿಡಗಳು ಒಂದೂ ಬಿಡದಂತೆ ತಲೆ ಎತ್ತಿ ನಿಂತಿದ್ದವು.

"ಫೋಟೋ ತೆಗೀತೀರಾ ಸರ್?" ಅಕ್ಕ ಓಡಿಬಂದು ಸೆರಗು ಸರಿಮಾಡಿಕೊಂಡಳು. "ಇರಿ, ನಾನೂ ಪಕ್ಕದಲ್ಲಿ ನಿಂತ್ಕೋತೀನಿ."