ಕಾಲಲ್ಲಿದ್ದ ಸಾಕ್ಷಿ

“ಬೂಟು ನಿಂದು, ಕಾಲೂ ನಿಂದು, ದುಡ್ಡು ಮಾತ್ರ ತೆರಿಗೆಯವ್ರದ್ದು. ಕೆಲಸಕ್ಕೆ ಅಂತ ತಗೊಂಡಿದ್ದೆಲ್ಲಾ ಪೂರ್ತಿ ವಾಪಸ್ ಬರುತ್ತೆ ಕಣೋ.”

ಹೀಗೆಂದವನು ಲಿಫ್ಟ್ ರಿಪೇರಿ ಕಂಪನಿಯ ಸ್ಟೋರ್‌ಕೀಪರ್. ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ಆದರೂ ಎಲ್ಲರಿಗೂ ಅವನು ಲಾಯರ್. ನಂಬಿದವನು ನಮ್ಮ ಮೆಕ್ಯಾನಿಕ್. ಲಿಫ್ಟಿನ ತಳದ ಹಳ್ಳದಲ್ಲಿ ಗ್ರೀಸಿಗೆ ಜಾರಿ ಜಾರಿ ಸೊಂಟ ಕಳಚುವಂತಾಗಿತ್ತು, ಕಂಪನಿ ಬೂಟು ಕೊಡುತ್ತಿರಲಿಲ್ಲ. ಅತ್ತೆಯ ಕನ್ನಡಕಕ್ಕೆಂದು ಹೆಂಡತಿ ಎತ್ತಿಟ್ಟಿದ್ದ ಐದು ಸಾವಿರವನ್ನು ಅವಳಿಗೆ ತಿಳಿಯದಂತೆ ಬೂಟಿಗೆ ಸುರಿದುಬಿಟ್ಟ.

ಕನ್ನಡಕದಂಗಡಿಗೆ ಹೋಗುವುದು ಇವತ್ತೇ ಸಂಜೆ. ಬೆಳಿಗ್ಗೆ ರಜೆ ಹಾಕಿ ತೆರಿಗೆ ಕಚೇರಿಗೆ ಹೊರಟವನಿಗೆ ಲಾಯರ್ ಫೋನಿನಲ್ಲೇ ಕಿವಿಯೂದಿದ.

“ಬೂಟು ಹಾಕ್ಕೊಂಡೇ ಹೋಗು. ಸಾಕ್ಷಿ ಕಣ್ಮುಂದೆ ಇದ್ರೆ ಯಾವನು ಇಲ್ಲ ಅಂತಾನೆ?”

ಕಬ್ಬಿಣದ ಮೂತಿಯ ಬೂಟು. ನಡೆದರೆ ಅಡಿಗೆಮನೆಗೆ ಆನೆ ನುಗ್ಗಿದಂತೆ ಸದ್ದು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಸರದಿ ಬರುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ನಡುವೆ ಹೆಂಡತಿಯ ಫೋನು ಬೇರೆ.

“ರೀ, ಅಮ್ಮ ಆಗ್ಲೇ ರೆಡಿಯಾಗಿ ಬಾಗಿಲಲ್ಲಿ ಕೂತಿದ್ದಾರೆ. ಬೇಗ ಬನ್ನಿ.”

ಕಿಟಕಿಯ ಹಿಂದಿದ್ದ ಮೇಡಂ ರಸೀದಿ ನೋಡಿದರು. “ನೂರಕ್ಕೆ ಇಪ್ಪತ್ತು ತೆರಿಗೆ ಕಟ್ತೀರಿ ನೀವು. ಈ ಐದು ಸಾವಿರದ ಮೇಲೆ ತೆರಿಗೆ ಹಾಕಲ್ಲ, ಅಷ್ಟೆ. ಅಂದ್ರೆ ನಿಮಗೆ ಉಳಿಯೋದು ಒಂದು ಸಾವಿರ.”

“ಮಿಕ್ಕ ನಾಲ್ಕು ಸಾವಿರ ಎಲ್ಲಿ ಮೇಡಂ?”

“ನಿಮ್ಮ ಕಾಲಲ್ಲಿ.”

ಮೆಕ್ಯಾನಿಕ್ ಬೆವರು ಒರೆಸಿಕೊಂಡ. ಓಡುವ ಹೋರಿಯ ಬಾಲ ಸಿಕ್ಕರೂ ಸಾಕು. ಕನ್ನಡಕದವನಿಗೆ ಆ ಸಾವಿರ ಕೊಟ್ಟು ಮಿಕ್ಕಿದ್ದಕ್ಕೆ ಕಂತು ಕೇಳಬಹುದು. “ಆಯ್ತು, ಅದನ್ನೇ ಕೊಡಿ.”

“ಇದನ್ನ ಕೆಲಸಕ್ಕೆ ಮಾತ್ರ ಬಳಸ್ತೀರಿ ತಾನೆ? ಬೇರೆ ಯಾವುದಕ್ಕಾದ್ರೂ ಬಳಸಿದ್ರೆ ಈ ಸಾವಿರಾನೂ ಬರಲ್ಲ.”

“ಅಯ್ಯೋ, ಕೆಲಸಕ್ಕೆ ಬಿಟ್ಟು ಬೇರೆ ಕಡೆ ಕಾಲೇ ಹಾಕಲ್ಲ ಮೇಡಂ.”

“ಇವತ್ತು ಡ್ಯೂಟೀನಾ?”

“ಇಲ್ಲ ಮೇಡಂ, ರಜೆ. ಇದಕ್ಕೋಸ್ಕರಾನೇ ಹಾಕಿದ್ದು.”

ಮೇಡಂ ಕುರ್ಚಿಯಿಂದ ಅರ್ಧ ಎದ್ದು, ಕಿಟಕಿಯಾಚೆ ಬಗ್ಗಿ, ಅವನ ಕಾಲನ್ನೇ ನೋಡಿದರು. ಅವನೂ ಬಗ್ಗಿ ನೋಡಿಕೊಂಡ. ಬೂಟುಗಳು ಪಳಪಳ ಹೊಳೆಯುತ್ತಿದ್ದವು.

“ಈಗಲೇ ಬಿಚ್ಚಿಬಿಡ್ತೀನಿ ಮೇಡಂ.”

“ನಾನು ನೋಡಿ ಆಯ್ತಲ್ಲಪ್ಪ. ಮುಂದಿನವರು ಬನ್ನಿ.”

ಹೊರಗೆ ಬಂದು ಲಾಯರಿಗೆ ಫೋನು ಮಾಡಿದರೆ ಅವನು ಶಾಂತವಾಗಿ, “ಹಾಕ್ಕೊಂಡು ಹೋಗು ಅಂದೆ, ರಜೆ ಅಂತ ಬಾಯಿಬಿಡು ಅಂದೆನಾ?” ಎಂದ.

ಉರಿ ತಾಳದೆ ಬೂಟು ಬಿಚ್ಚಿದ; ಬೊಬ್ಬೆಯ ಕಾಲಿಗೆ ಅದು ಮತ್ತೆ ತೂರಲಿಲ್ಲ. ಎರಡನ್ನೂ ದಾರದಲ್ಲಿ ಹೆಗಲಿಗೆ ನೇತುಹಾಕಿಕೊಂಡು, ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ಕುಂಟುತ್ತ, ಹೆಂಡತಿಗೆ ಏನು ಹೇಳುವುದೆಂದು ತೋಚದೆ ಮನೆ ತಲುಪಿದ.

ಬಾಗಿಲಲ್ಲಿ ಕೂತಿದ್ದ ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

“ಬೂಟು ಮಾರೋನೇನಪ್ಪ? ಬೇಡ, ಮುಂದೆ ಹೋಗು. ಇಂಥದ್ದಕ್ಕೆಲ್ಲ ದುಡ್ಡು ಸುರಿಯೋ ಪೆದ್ದರು ನಮ್ಮನೇಲಿ ಯಾರೂ ಇಲ್ಲ.”

“ಸರಿ ಅಮ್ಮ,” ಎಂದು ಅಳಿಯ ತಿರುಗಿದ.

ಹಿಂದೆ ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡರು.