ಎರಡು ಮುಖದ ಬೋರ್ಡು

ಪುಣೆಯ ಸದಾಶಿವ ಪೇಠದ ಆ ಓಣಿ ಒಡೆದದ್ದು ಒಂದು ಸ್ಕೂಟರಿನ ಹಾರ್ನಿನಿಂದ. ಓಣಿಯ ಕೆಳತುದಿಯಲ್ಲಿರುವ ಮೋಹನದಾಸರ ಹೋಟೆಲಿಗೆ ಚಹಾ ಕುಡಿಯಲು ಹೊರಟ ಯಾರೋ ಗಿರಾಕಿ, ನಡುಮಧ್ಯಾಹ್ನ ಮೇಲ್ತುದಿಯ ಗೋದಾಬಾಯಿಯ ವಾಡೆಯ ಮುಂದೆ ಪೀಂ ಎನ್ನಿಸಿದ. ಆಗಷ್ಟೇ ಹತ್ತಿದ್ದ ಗೋದಾಬಾಯಿಯ ನಿದ್ದೆ ಹಾರಿಹೋಯಿತು. ಪುಣೆಯಲ್ಲಿ ಮನೆಗೆ ಕನ್ನ ಹಾಕಿದವನಿಗೂ ಕ್ಷಮೆ ಸಿಕ್ಕೀತು, ಮಧ್ಯಾಹ್ನದ ನಿದ್ದೆ ಕೆಡಿಸಿದವನಿಗಿಲ್ಲ.

ಮರುದಿನ ವಾಡೆಗೆ ಬೋರ್ಡು ಬಿತ್ತು: ‘ಒಂದರಿಂದ ನಾಲ್ಕು ನಿದ್ದೆಯ ಸಮಯ. ಹಾರ್ನ್ ಹೊಡೆಯುವವರಿಗೆ ಮನೆಯಲ್ಲಿ ಹೇಳುವವರಿಲ್ಲ ಎಂದು ತಿಳಿಯಲಾಗುವುದು.’ ಹೋಟೆಲು ಸುಮ್ಮನಿದ್ದೀತೇ? ಅಲ್ಲಿಯೂ ಬಂತು: ‘ಇಲ್ಲಿ ಮಧ್ಯಾಹ್ನವೂ ಚಹಾ ಸಿಗುತ್ತದೆ. ಎಚ್ಚರವಿರುವವರಿಗೆ ಮಾತ್ರ.’

ಹಾಲು ಒಡೆಯುತ್ತದೆ, ಗಡಿಗೆ ಒಡೆಯುತ್ತದೆ, ಮನೆಯೂ ಒಡೆಯುತ್ತದೆ. ಆದರೆ ಒಡೆದ ಎರಡು ಹೋಳು ಒಂದನ್ನೊಂದು ದುರುಗುಟ್ಟಿ ನೋಡುತ್ತ ನಿಲ್ಲುವುದಕ್ಕೆ ಆ ಮಾತು ಸಾಲದು. ಪೇಪರಿನವರು ಅದನ್ನು ಧ್ರುವೀಕರಣ ಎನ್ನುತ್ತಾರೆ. ಓಣಿಯಲ್ಲಿ ಆದದ್ದು ಅದೇ. ಮೇಲಿನ ಅರ್ಧ ಮಲಗುವವರದು, ಕೆಳಗಿನ ಅರ್ಧ ಎದ್ದಿರುವವರದು. ಬಾಗಿಲಿಗೊಂದು ಬೋರ್ಡು, ಬೋರ್ಡಿಗೊಂದು ಉತ್ತರ. ಅಷ್ಟನ್ನೂ ಬರೆದವನು ಒಬ್ಬನೇ, ಓಣಿಯ ನಟ್ಟನಡುವೆ ಗೋದಾಬಾಯಿಯ ಜಾಗದಲ್ಲಿ ಅಂಗಡಿಯಿಟ್ಟಿದ್ದ ಪೇಂಟರ್ ಸಿದ್ದಾರೂಢ. ಫ್ಲೆಕ್ಸ್ ಇನ್ನೂ ಬಂದಿರದ ಕಾಲ. ಅವನ ಕುಂಚಕ್ಕೆ ಬಿಡುವಿರಲಿಲ್ಲ. ಬೋರ್ಡಿಲ್ಲದ ಅಂಗಡಿ ಓಣಿಗೆಲ್ಲ ಒಂದೇ ಉಳಿದಿತ್ತು, ಅವನದು.

ಅದು ಒಂದು ಮುಂಜಾನೆ ಗೋದಾಬಾಯಿಯ ಕಣ್ಣಿಗೆ ಬಿತ್ತು. ಆಕೆಯ ತವರು ಜಮಖಂಡಿ. ಬೈಯುವುದಿದ್ದರೆ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಿದ್ದಳು.

“ಸಿದ್ದಾರೂಢಾ, ಓಣಿಗೆಲ್ಲಾ ಬರದ ಕೊಟ್ಟಿ, ನಿನ್ನ ಬಾಗಲಾ ಯಾಕ ಬೋಳದ? ಇವತ್ತ ಒಂದು ಹೊಡಿಯೂದ್ರೊಳಗ ‘ಮಧ್ಯಾಹ್ನ ಬಂದ್’ ಅಂತ ಹಾಕು. ಇಲ್ಲಂದ್ರ ನನ್ನ ಜಾಗಾ ಖಾಲಿ ಮಾಡು.”

ಆಕೆ ಅತ್ತ ಹೋದದ್ದೇ ತಡ, ಇತ್ತಲಿಂದ ಕರಾವಳಿ ಕಡೆಯ ಮೋಹನದಾಸರು ಬಂದರು. ಬೋರ್ಡು ಬರೆದುಕೊಟ್ಟದ್ದಕ್ಕೆ ಪ್ರತಿಯಾಗಿ ಸಿದ್ದಾರೂಢನಿಗೂ ಅವನ ಹೆಂಡತಿ ಕಾಶವ್ವನಿಗೂ ದಿನಾ ಮಧ್ಯಾಹ್ನದ ಡಬ್ಬಿ ಕಳಿಸುವವರು ಅವರು.

“ಎಂತ ಮಾರಾಯ್ರೆ, ಉಣ್ಣುದು ನಮ್ಮದು, ಮಲಗುದು ಅವರ ಕಡೆಯಾ? ‘ಮಧ್ಯಾಹ್ನ ತೆರೆದಿದೆ’ ಅಂತ ಹಾಕಿ. ಇಲ್ಲದಿದ್ರೆ ಡಬ್ಬಿ ಬರುದಿಲ್ಲ.”

ಒಳಗಿನಿಂದ ಕಾಶವ್ವ ಕೇಳಿದಳು, “ಈಗೇನ್ ಮಾಡ್ತೀರಿ? ಜಾಗಾ ಬೇಕೋ, ಊಟಾ ಬೇಕೋ?”

“ಎರಡೂ ಬೇಕು. ಯಾರ ಕಡಿಗೂ ವಾಲಂಗಿಲ್ಲ ನಾ. ನೋಡ್ತಿರು,” ಎಂದು ಸಿದ್ದಾರೂಢ ಸೊಂಟಕ್ಕೆ ಟವೆಲ್ ಬಿಗಿದ.

ಮೊದಲು ‘ಪೇಂಟರ್ ಒಳಗಿದ್ದಾನೆ’ ಎಂದಷ್ಟೇ ಬರೆದು ತೂಗಹಾಕಿದ. ಒಳಗಿದ್ದು ಎದ್ದಿದ್ದಾನೋ ಎಂದು ಮೇಲಿನವರು ಕೆರಳಿದರು, ಮಲಗಿದ್ದಾನೋ ಎಂದು ಕೆಳಗಿನವರು. ಅದನ್ನು ಕಿತ್ತು ಷಟರನ್ನು ಅರ್ಧಕ್ಕೆ ಇಳಿಸಿದ. ಬಗ್ಗಿ ಒಳಬರಲು ಹೋದ ಗಿರಾಕಿಯೊಬ್ಬನ ಹಣೆಯ ಮೇಲೆ ನಿಂಬೆಹಣ್ಣಿನಂಥ ಬುಗುಟೆ ಎದ್ದಿತು. ಅವನಿಗೆ ಅರಿಸಿನ ಹಚ್ಚುತ್ತ ಕಾಶವ್ವ, “ಇನ್ನೊಂದಿಷ್ಟ ಇಳಸ್ರಿ, ಕುತಗೀನ ಹೋಗ್ಲಿ,” ಎಂದಳು.

ಸಿದ್ದಾರೂಢ ಬಗ್ಗುವ ಆಸಾಮಿಯಲ್ಲ. ಒಂದು ತಗಡು ತೆಗೆದುಕೊಂಡ. ಒಂದು ಬದಿಗೆ ‘ಮಧ್ಯಾಹ್ನ ಬಂದ್’, ಇನ್ನೊಂದು ಬದಿಗೆ ‘ಮಧ್ಯಾಹ್ನ ತೆರೆದಿದೆ’. ಗೋಡೆಯಿಂದ ಓಣಿಗೆ ಅಡ್ಡವಾಗಿ ಕಬ್ಬಿಣದ ಸರಳು ಚಾಚಿ ಅದಕ್ಕೆ ತಗಡನ್ನು ಒಂದೇ ತಂತಿಯಲ್ಲಿ ತೂಗಹಾಕಿದ. ಮೇಲ್ತುದಿಯಿಂದ ನೋಡಿದವರಿಗೆ ಬಂದ್, ಕೆಳತುದಿಯಿಂದ ನೋಡಿದವರಿಗೆ ತೆರೆದಿದೆ. ಒಂದು ಹೊಡೆಯುವ ಹೊತ್ತಿಗೆ ಗೋದಾಬಾಯಿ ಕಿಟಕಿಯಿಂದಲೇ ತಲೆಯಾಡಿಸಿದಳು. ಹೋಟೆಲಿನಿಂದ ಡಬ್ಬಿಯೂ ಬಂತು, ಸಂಗಡ ಕಡಲೆಬೇಳೆ ಪಾಯಸ ಬೇರೆ. ಗಂಡ ಹೆಂಡತಿ ತೃಪ್ತಿಯಾಗಿ ಉಂಡರು.

ಅಷ್ಟರಲ್ಲಿ ಗೋಣಿಚೀಲ ಹೇರಿಕೊಂಡ ರಿಕ್ಷಾವೊಂದು ಬಂದು ಬೋರ್ಡಿಗೆ ಢಣ್ ಎಂದು ಬಡಿಯಿತು. ತಗಡು ಗಿರಗಿರನೆ ತಿರುಗಿ ನಿಂತಿತು, ಹಿಂದುಮುಂದಾಗಿ.

ಮೇಲಿನಿಂದ ಗೋದಾಬಾಯಿ ತನ್ನ ದಂಡಿನೊಂದಿಗೆ ಇಳಿದಳು. ಕೆಳಗಿನಿಂದ ಮೋಹನದಾಸರು ತಮ್ಮ ದಂಡಿನೊಂದಿಗೆ ಏರಿದರು. ಜಗಳ ಹುಟ್ಟಿದ ಮೇಲೆ ಎರಡು ಕಡೆಯವರು ಎದುರುಬದುರಾದದ್ದು ಅದೇ ಮೊದಲು. ಸಿದ್ದಾರೂಢ ಬಾಗಿಲ ಹಿಂದೆ ಸರಿದ. ಜಾಗವೂ ಹೋಯಿತು, ಊಟವೂ ಹೋಯಿತು ಎಂದುಕೊಂಡ.

ಗೋದಾಬಾಯಿ ಬೋರ್ಡಿನ ಆ ಬದಿಗೆ ಹೋಗಿ ಓದಿದಳು. ಮೋಹನದಾಸರು ಈ ಬದಿಗೆ ಬಂದು ಓದಿದರು. ಮೊದಲು ನಕ್ಕವರು ಮೋಹನದಾಸರು.

“ಬಾಯಿಯವ್ರೆ, ನಿಜ ಹೇಳ್ತೇನೆ. ಎರಡಕ್ಕೆ ನಾನೂ ಗಲ್ಲಾದ ಹಿಂದೆ ಸ್ವಲ್ಪ ಒರಗುದುಂಟು.”

“ಅಯ್ಯ! ಮೂರಕ್ಕ ನನಗೂ ಒಂದ ಕಪ್ ಚಹಾ ಬೇಕಾಗ್ತದರಿ. ಕೇಳೂದು ಹೆಂಗ ಅಂತ ಸುಮ್ನಿದ್ದೆ.”

ಎರಡು ದಂಡೂ ಗೊಳ್ಳೆಂದವು. ಯಾರು ಬೇಕಾದರೂ ಬೇಕಾದಾಗ ಮಲಗಲಿ, ಅಂಗಡಿ ತೆರೆಯಲಿ, ಹಾರ್ನು ಮಾತ್ರ ಬೇಡ ಎಂದು ನಿಂತಲ್ಲೇ ಒಪ್ಪಂದವಾಯಿತು. ಎಲ್ಲರೂ ಸಿದ್ದಾರೂಢನ ಬೆನ್ನು ತಟ್ಟಿದರು. ಅವನಿಗೆ ಖುಷಿಯಿಂದ ಕಣ್ಣು ತುಂಬಿತು. ತಾನು ವಾಲಲಿಲ್ಲ, ಓಣಿಯೇ ಒಂದಾಯಿತು!

“ಖರೇ ಅಂದ್ರ,” ಎಂದಳು ಗೋದಾಬಾಯಿ, “ಜಗಳಾ ಹಚ್ಚಿದ್ದು ಹಾರ್ನ್ ಅಲ್ಲ, ಈ ಸುಡಗಾಡ ಬೋರ್ಡು.”

“ಹೌದು ಮಾರಾಯ್ರೆ!” ಎಂದರು ಮೋಹನದಾಸರು.

ನೋಡನೋಡುತ್ತಿದ್ದಂತೆ ಓಣಿಯ ಬೋರ್ಡುಗಳೆಲ್ಲ ಇಳಿದು ಸಿದ್ದಾರೂಢನ ಬಾಗಿಲಲ್ಲಿ ರಾಶಿಯಾದವು. ಕಡೆಯದೊಂದು ಕೆಲಸವನ್ನು ಇಬ್ಬರೂ ಸೇರಿಯೇ ಹೇಳಿದರು. ಓಣಿಯ ಬಾಯಲ್ಲಿ ಒಂದೇ ಒಂದು ಬೋರ್ಡು: ‘ಈ ಓಣಿಯಲ್ಲಿ ಇನ್ನು ಯಾರೂ ಬೋರ್ಡು ಹಾಕಬಾರದು.’

ಸಿದ್ದಾರೂಢನ ನಗು ಮುಖದಲ್ಲೇ ಒಣಗಿತು. ಕಾಶವ್ವ ಮೆಲ್ಲಗೆ ಕೇಳಿದಳು, “ಶೇಠ್ರ, ನಾಳಿ ಡಬ್ಬಿ?”

“ಬೋರ್ಡೇ ಇಲ್ಲ ಅಂದ್ಮೇಲೆ ಎಂತ ಡಬ್ಬಿ, ಕಾಶಮ್ಮ?” ಎಂದು ಮೋಹನದಾಸರು ಚಪ್ಪಲಿ ಮೆಟ್ಟಿಕೊಂಡರು.

ಗೋದಾಬಾಯಿ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ದನಿಯಲ್ಲಿ ನಿಜವಾದ ಕನಿಕರವಿತ್ತು. “ಕೆಲಸಿಲ್ಲದ ಓಣ್ಯಾಗ ನೀನರ ಇದ್ದು ಏನ್ ಮಾಡ್ತೀಯಪಾ. ಹೆಂಗೂ ಓಣಿ ಬಾಯಾಗಿನ ಹೊಸಾ ಬೋರ್ಡಿಂದು ಹಿಂದಿನ ಬದಿ ಖಾಲಿ ಉಳೀತದಲ್ಲ, ‘ಒಳಗೊಂದು ಅಂಗಡಿ ಬಾಡಿಗೆಗೆ ಇದೆ’ ಅಂತ ಬರದಬಿಡು.”

ಸಿದ್ದಾರೂಢ ಮತ್ತೆ ಟವೆಲ್ ಬಿಗಿದು ಕೂತ. ಬಣ್ಣ ಕಲಸಿದ. ಆಗಲೂ ಅವನು ಯಾರ ಕಡೆಗೂ ವಾಲಲಿಲ್ಲ. ಎರಡೂ ಬದಿಯನ್ನು ಒಂದೇ ಅಂದದಲ್ಲಿ ಬರೆದ.